ಯಾವ ಡಿಸ್ಕ್ ಅದು, ಪುಟ್ಟಿ?

ಮಿಕ್ಸರಿನ ಜಾರು ಯಾಕೆ ಸೋರುತ್ತದೆ, ಇಸ್ತ್ರಿಪೆಟ್ಟಿಗೆಯ ವಯರು ಯಾಕೆ ಬುಡದಲ್ಲೇ ಕಡಿಯುತ್ತದೆ ಎಂದು ಬರೆದುಕೊಂಡು ಹೋಗುತ್ತಿದ್ದ ಈ ಅಂಕಣಕ್ಕೆ ಈ ವಾರ ಕಂಪ್ಯೂಟರ್ ನುಗ್ಗಿದೆ. ನುಗ್ಗಿಸಿದವಳು ನಮ್ಮಕ್ಕನ ಮಗಳು ಪುಟ್ಟಿ.

ಪುಟ್ಟಿ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುತ್ತಾಳೆ. ಓಣಿಯ ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿ ಎರಡು ವರ್ಷ ಕೂಡಿಟ್ಟ ದುಡ್ಡು, ಅದಕ್ಕೆ ಅವರವ್ವ ಸೇರಿಸಿದ್ದೊಂದಿಷ್ಟು, ಎಲ್ಲ ಕೂಡಿ 38 ಸಾವಿರ ಆಗಿತ್ತು. ಅಷ್ಟರಲ್ಲಿ ಲ್ಯಾಪ್‌ಟಾಪ್ ಬರುತ್ತಿತ್ತು. ಈಕೆ ಬೇಡವೆಂದಳು. ಬಿಡಿಭಾಗ ತಂದು ತಾನೇ ಜೋಡಿಸುತ್ತೇನೆಂದು ಹಟ ಹಿಡಿದಳು. ರ್‍ಯಾಮ್, ಪವರ್ ಸಪ್ಲೈ ಕೊಪ್ಪಿಕರ್ ರಸ್ತೆಯಿಂದ ಬಂದವು. ಪ್ರೊಸೆಸರ್, ಮದರ್‌ಬೋರ್ಡ್ ಮತ್ತು 500 ಜಿಬಿಯ ಎಸ್‌ಎಸ್‌ಡಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ನಮ್ಮ ದೊಡ್ಡಪ್ಪನ ಮೊಮ್ಮಗನ ತೊಡೆಯ ಮೇಲೆ ಕೂತು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬಂದವು. ಕ್ಯಾಬಿನೆಟ್ ಮಾತ್ರ ಹಳೆಯದು. ನಾನು 2009ರಲ್ಲಿ ಕೊಂಡು, ಆಮೇಲೆ ಅವರ ಮನೆಗೆ ಕೊಟ್ಟಿದ್ದ ಕಂಪ್ಯೂಟರಿನದು. ಅದರೊಳಗಿದ್ದ ಹಳೆಯ ಹಾರ್ಡ್ ಡಿಸ್ಕನ್ನೂ, ಇರಲಿ ಎಂದು, ಹಾಗೇ ಬಿಟ್ಟು ಕೇಬಲ್ ಸಿಕ್ಕಿಸಿದ್ದಳು.

ನಮ್ಮ ಭಾವನಿಗೆ ಮೊದಲಿನಿಂದಲೂ ಸಮಾಧಾನವಿರಲಿಲ್ಲ. “ರೆಡಿಮೇಡ್ ತಗೊಂಡಿದ್ರ ಒಂದ ದಿನದಾಗ ಮುಗೀತಿತ್ತು. ಈಕಿ ನಟ್ಟು ಬೋಲ್ಟು ತಂದು ಪಡಸಾಲಿ ತುಂಬಾ ಹರವ್ಯಾಳ” ಎಂದು ದೀಪಾವಳಿ ರಜೆಯಿಡೀ ಗೊಣಗಿದರು. ಎಸ್‌ಎಸ್‌ಡಿ ಕೊಟ್ಟ ಅಂಗಡಿಯವರು ದೋಷವಿದ್ದರೆ 7 ದಿನದೊಳಗೆ ಬದಲಿಸಿಕೊಡುವುದಾಗಿ ಹೇಳಿದ್ದರು. ಅದರಲ್ಲಿ 5 ದಿನ ಕಳೆದಿದ್ದವು.

ಮೊದಲ ಎರಡು ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅವು ಎಲ್ಲರಿಗೂ ಬರುವಂಥವು. ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಭಾವ “ಹೋತು, ಸುಟ್ಟಿತು” ಅಂದರು. ಸುಟ್ಟಿರಲಿಲ್ಲ. ರ್‍ಯಾಮ್ ಒಂದು ತುದಿಯಲ್ಲಿ ಕೂತಿತ್ತು, ಇನ್ನೊಂದು ತುದಿಯಲ್ಲಿ ಕೂತಿರಲಿಲ್ಲ. ಹೊಸಬರು ಬೋರ್ಡು ಮುರಿದೀತೆಂದು ಹೆದರಿ ಮೆಲ್ಲಗೆ ಒತ್ತುತ್ತಾರೆ. ಕ್ಲಿಪ್ಪು ‘ಟಕ್’ ಎಂದು ತಾನೇ ಮುಚ್ಚಿಕೊಳ್ಳುವವರೆಗೂ ಒತ್ತಬೇಕು.

ಎರಡನೆಯದು ಪೆನ್‌ಡ್ರೈವ್. ವಿಂಡೋಸ್ 11ರ ಕಡತವನ್ನು ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡಿದ್ದಳು. ಗೆಳೆಯರು ಕೊಟ್ಟ ‘ಕ್ರ್ಯಾಕ್’ ಪ್ರತಿಗೆ ಕೈ ಹಾಕಿರಲಿಲ್ಲ. ಅಷ್ಟರಮಟ್ಟಿಗೆ ಜಾಣೆ. ಆದರೆ ಆ ಕಡತವನ್ನು ಸಿನಿಮಾ ಹಾಡು ತುಂಬಿದ ಹಾಗೆ ಸುಮ್ಮನೆ ಕಾಪಿ ಮಾಡಿದ್ದಳು. ಅದು ಹೊಲಿದು ಮುಚ್ಚಿದ ಪಾರ್ಸೆಲ್ ಇದ್ದಂತೆ. ಆಗಷ್ಟೇ ಎದ್ದ ಯಂತ್ರಕ್ಕೆ ಅದನ್ನು ಬಿಚ್ಚಲು ಬರುವುದಿಲ್ಲ. ಬಿಚ್ಚಿ, ಒಳಗಿನದನ್ನು ಪೆನ್‌ಡ್ರೈವಿನಲ್ಲಿ ಸರಿಯಾಗಿ ಜೋಡಿಸುವ ಕೆಲಸಕ್ಕೆ ಮೈಕ್ರೋಸಾಫ್ಟಿನದೇ ಒಂದು ಉಪಕರಣ ಇದೆ, ರುಫಸ್ ಎಂಬ ಉಚಿತ ತಂತ್ರಾಂಶವೂ ಇದೆ. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು. ಅದರಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದೆ, ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಮಾಡಿಕೊಂಡು ಬಂದಳು.

(ಈಗಿನ ಮಕ್ಕಳಿಗೆ ಒಂದು ಮಾತು. ವಿಂಡೋಸ್ 95 ನಮಗೆ ಬಂದದ್ದು 13 ಫ್ಲಾಪಿಗಳಲ್ಲಿ. ಒಂದಾದ ಮೇಲೊಂದು ತುರುಕುತ್ತಾ ಕೂರಬೇಕು. 11ನೆಯದರಲ್ಲಿ ‘ಓದಲಾಗುತ್ತಿಲ್ಲ’ ಎಂದು ಬಂದರೆ ಆ ದಿನ ಊಟ ಸೇರುತ್ತಿರಲಿಲ್ಲ.)

ಶನಿವಾರ ಮಧ್ಯಾಹ್ನ ನಾನು ಧಾರವಾಡದ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನಿಗೆ ಪುಟ್ಟಿಯದೊಂದು ಚಿತ್ರ ಬಂತು. ಜೊತೆಗೆ ಒಂದು ಸಾಲು: “ಮಾಮಾ, ಹೊಸಾ ಎಸ್‌ಎಸ್‌ಡಿ ತಗೊಳ್ಳವಲ್ತು. ಎಂಬಿಆರ್ ಐತಂತ. ನನ್ನ ಗೆಳತಿ ಅಣ್ಣ ಡಿಸ್ಕ್‌ಪಾರ್ಟ್ ಹಾಕಿ ಕ್ಲೀನ್ ಕೊಡು, ಎಲ್ಲಾ ಸರಿ ಆಗತೈತಿ ಅಂದ. ಮಾಡಾಕತ್ತೀನಿ.”

ಕನ್ನಡಕ ಹುಡುಕಿ ಚಿತ್ರ ನೋಡಿದೆ. ವಿಂಡೋಸ್ ಎಲ್ಲಿಗೆ ಹಾಕಲಿ ಎಂದು ಕೇಳುವ ಪರದೆ ಅದು. ಪಟ್ಟಿಯಲ್ಲಿ ಡ್ರೈವ್ 0 ಎಂಬ ಒಂದೇ ಒಂದು ಡಿಸ್ಕ್, ಅದರಲ್ಲಿ ಎರಡು ಪಾಲು. ಮೊದಲನೆಯದು 97.7 ಜಿಬಿ. ಎರಡನೆಯದು 368.1 ಜಿಬಿ. ಕೆಳಗೆ ತಪ್ಪಿನ ಸೂಚನೆ: ಈ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿ ಇದೆ, ಈ ಯಂತ್ರದಲ್ಲಿ ಜಿಪಿಟಿ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕಬಹುದು.

97.7 ಕಂಡು ಎದೆ ಧಸಕ್ ಎಂದಿತು. ಅದು ನನ್ನ ಕೈಬರಹ! 2009ರಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕುವಾಗ ಪಾಲಿನ ಅಳತೆಯನ್ನು ಎಂಬಿಯಲ್ಲಿ ಬೆರಳಚ್ಚಿಸಬೇಕಿತ್ತು. ಲೆಕ್ಕ ಯಾಕೆಂದು ನಾನು 100000 ಎಂದು ಒತ್ತಿದ್ದೆ. ಅದನ್ನು 1024ರಿಂದ ಭಾಗಿಸಿದರೆ 97.7 ಜಿಬಿ ಬರುತ್ತದೆ. ಹೊಸ ಎಸ್‌ಎಸ್‌ಡಿಯಲ್ಲಿ ನನ್ನ ಹದಿನಾರು ವರ್ಷದ ಹಿಂದಿನ ಸೋಮಾರಿತನ ಹೇಗೆ ಬಂದೀತು? ಪುಟ್ಟಿ ಹೊಸದೆಂದು ತಿಳಿದು ಅಳಿಸಲು ಹೊರಟಿದ್ದು ಹಳೆಯ ಡಿಸ್ಕು.

ಅದರಲ್ಲಿ ಏನಿತ್ತೆಂದು ಹೇಳಬೇಕು.

ನಮ್ಮವ್ವ, ಅಂದರೆ ಪುಟ್ಟಿಯ ಆಯಿ, ನವಲಗುಂದದ ಕಡೆಯವಳು. ಬೀಸುವಾಗ ಹಾಡುತ್ತಿದ್ದಳು. ಗಿರಣಿ ಬಂದ ಮೇಲೂ ಹಬ್ಬದ ಕಡಬಿನ ಗೋಧಿಗೆ, ನುಚ್ಚಿಗೆ ಬೀಸುವ ಕಲ್ಲೇ ಬೇಕು ಅವಳಿಗೆ. ಇಂಥ ಹಾಡುಗಳನ್ನು ಹಲಸಂಗಿಯ ಗೆಳೆಯರು ಊರೂರು ತಿರುಗಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅದು ಲೈಬ್ರರಿಗಳಲ್ಲಿ ಸಿಗುತ್ತದೆ. ನಮ್ಮವ್ವನ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ. 1994ರಲ್ಲಿ ಟೂ-ಇನ್-ಒನ್ ಮುಂದಿಟ್ಟು ನಾನೇ ಧ್ವನಿಮುದ್ರಿಸಿದ್ದ 11 ಕ್ಯಾಸೆಟ್ಟುಗಳಲ್ಲಿ ಮಾತ್ರ ಇದ್ದವು. ಅವ್ವ 2003ರಲ್ಲಿ ಹೋದಳು. 2009ರಲ್ಲಿ ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ನೀಲಿ ತೂತಿಗೆ ವಯರು ಜೋಡಿಸಿ, ಒಂದು ವಾರ ಕೂತು, ಎಲ್ಲವನ್ನೂ ಎಂಪಿ3 ಮಾಡಿದೆ. “ಇನ್ನ ಇವಕ್ಕ ಸಾವಿಲ್ಲ” ಎಂದು ಅಕ್ಕನಿಗೆ ಹೇಳಿದ್ದೂ ನೆನಪಿದೆ. ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಮನೆ ಬದಲಿಸುವಾಗ ಎಸೆದೆವು. ಎಂಪಿ3ಗಳನ್ನು ಇನ್ನೊಂದು ಕಡೆ ಇಡಬೇಕೆಂದು ಹದಿನಾರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ.

ಪುಟ್ಟಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಅಕ್ಕನದು ಸ್ವಿಚ್ ಆಫ್. ಭಾವನದು ಬಿಜಿ. “ಏನೂ ಒತ್ತಬ್ಯಾಡ, ನಾ ಬರಾಕತ್ತೀನಿ” ಎಂದು ಸಂದೇಶ ಕಳಿಸಿ, ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಜುಬಿಲಿ ಸರ್ಕಲ್‌ಗೆ ಓಡಿ ಚಿಗರಿ ಬಸ್ಸು ಹತ್ತಿದೆ. ಅವಳಿನಗರದ ನಡುವೆ ತನ್ನದೇ ದಾರಿಯಲ್ಲಿ ಓಡುವ ಆ ಬಸ್ಸು ಬೇರೆ ದಿನ ನನಗೆ ಬಹಳ ಬೇಗ ಅನ್ನಿಸುತ್ತದೆ. ಅವತ್ತು ನವನಗರ ಬರುವಷ್ಟರಲ್ಲಿ ಎಂಟು ಸಲ ಫೋನು ಮಾಡಿದ್ದೆ. ಉಣಕಲ್‌ನಲ್ಲಿ ಇಳಿದವನು ಅಕ್ಕನ ಮನೆಯವರೆಗೆ, ಈ ವಯಸ್ಸಿನಲ್ಲಿ, ನಡೆದೆ ಎನ್ನುವಂತಿಲ್ಲ.

ಪಡಸಾಲೆಯಲ್ಲಿ ಯಾರೂ ಇಲ್ಲ. ಯಂತ್ರ ಚಾಲೂ ಇದೆ. ಪರದೆಯ ಮೇಲೆ ಕಪ್ಪು ಕಿಟಕಿ. ಅದರಲ್ಲಿ ‘ಲಿಸ್ಟ್ ಡಿಸ್ಕ್’ ಕೊಟ್ಟಿದ್ದಾಳೆ. ‘ಸೆಲೆಕ್ಟ್ ಡಿಸ್ಕ್ 0’ ಕೊಟ್ಟಿದ್ದಾಳೆ. ಅದರ ಕೆಳಗೆ ಕರ್ಸರು ಮಿಟುಕುತ್ತಾ ಕೂತಿದೆ. ಅಡುಗೆಮನೆಯಿಂದ ಅಕ್ಕನ ದನಿ: “ಯಾರದು? ಬಾರೋ, ರೊಟ್ಟಿ ಬಿಸಿ ಅದಾವ.” ಪುಟ್ಟಿ ತಾಟಿನ ಮುಂದಿದ್ದಳು. ಮೂರು ಸಲ ಕರೆದರೂ ಏಳದಿದ್ದಾಗ ಅಕ್ಕ ಕಿವಿ ಹಿಡಿದು ಊಟಕ್ಕೆ ಎಬ್ಬಿಸಿದ್ದಳಂತೆ. ಫೋನು ಒಳಕೋಣೆಯಲ್ಲಿ ಚಾರ್ಜಿಗಿತ್ತು.

“ಯಾವ ಡಿಸ್ಕ್ ಅದು, ಪುಟ್ಟಿ?” ಎಂದೆ. ಏದುಸಿರು ಇನ್ನೂ ನಿಂತಿರಲಿಲ್ಲ.

“ಹೊಸಾದಲ್ಲಾ ಮಾಮಾ, 500 ಜಿಬಿದು.”

“ಹಳೇದು ಎಷ್ಟ ಜಿಬಿದು?”

ಆಕೆ ತುತ್ತು ನಿಲ್ಲಿಸಿದಳು. ಹಳೆಯದೂ 500 ಜಿಬಿಯದೇ!

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಪುಟ್ಟಿ ದಡ್ಡಿಯಲ್ಲ. ಡಿಸ್ಕ್ ಮಾಡುವವರ 500 ಜಿಬಿ ಎಂದರೆ 500 ಶತಕೋಟಿ ಬೈಟು. ವಿಂಡೋಸ್ 1024ರ ಲೆಕ್ಕ ಹಿಡಿಯುವುದರಿಂದ ಅದನ್ನೇ ಸುಮಾರು 465.8 ಜಿಬಿ ಎಂದು ತೋರಿಸುತ್ತದೆ. ತಿರುಗುವ ಹಳೆಯ ಡಿಸ್ಕೂ ಅಷ್ಟೇ, ಚಿಪ್ಪಿನ ಹೊಸ ಎಸ್‌ಎಸ್‌ಡಿಯೂ ಅಷ್ಟೇ. ಪಟ್ಟಿಯಲ್ಲಿ ಒಂದೇ ಕಂಡಾಗ ಪುಟ್ಟಿ ಅಂದುಕೊಂಡದ್ದು: ಹಳೇದು ಹದಿನಾರು ವರ್ಷದ್ದು, ಸತ್ತಿರಬೇಕು, ಕಾಣುತ್ತಿರುವುದು ಹೊಸದು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಒಂದೇ ಒಂದು ಗುರುತು ಬೇರೆ ಹೇಳುತ್ತಿತ್ತು. ಪೊಟ್ಟಣ ಒಡೆದು ತೆಗೆದ ಹೊಸ ಡಿಸ್ಕು ಇನ್ನೂ ಹಂಚಿಕೆಯಾಗದ ಬಯಲು. ಪಟ್ಟಿಯಲ್ಲಿ ‘ಅನ್‌ಅಲೊಕೇಟೆಡ್ ಸ್ಪೇಸ್’ ಎಂಬ ಒಂದೇ ಸಾಲು ಇರಬೇಕು. ಇಲ್ಲಿ ಆಗಲೇ ಎರಡು ಪಾಲಾಗಿತ್ತು. ಅಂಗಡಿಯವರೇ ಮಾಡಿರಬಹುದೆಂದು ಪುಟ್ಟಿ ಅದನ್ನು ದಾಟಿ ಹೋಗಿದ್ದಳು.

ಗೆಳತಿಯ ಅಣ್ಣನ ಮದ್ದೂ ತಪ್ಪಲ್ಲ. ಖಾಲಿ ಡಿಸ್ಕಿಗೆ ಅದೇ ಸರಿಯಾದ ಮದ್ದು. ಅವನಿಗೆ ತಪ್ಪಿನ ಸೂಚನೆ ಓದಿ ಹೇಳಿದ್ದಳು, ಚಿತ್ರ ಕಳಿಸಿರಲಿಲ್ಲ.

ಎಂಬಿಆರ್, ಜಿಪಿಟಿ ಎಂದರೇನು? ಹೊಲ ಇದ್ದವರಿಗೆ ಇದು ಸುಲಭ. ನಮ್ಮ ಕಡೆ ಪಹಣಿಗೆ ಉತಾರ ಅನ್ನುತ್ತೇವೆ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರ ಪಾಲು ಎಂದು ಬರೆದಿರುವ ಕಾಗದ. ಡಿಸ್ಕಿಗೂ ಒಂದು ಉತಾರ ಇರುತ್ತದೆ. ಎಂಬಿಆರ್ ಹಳೆಯ ಮಾದರಿಯದು. 1983ರಲ್ಲಿ ಡಾಸ್ 2.0 ಜೊತೆಗೆ ಬಂದದ್ದು. ಅದರಲ್ಲಿ ನಾಲ್ಕು ಮುಖ್ಯ ಪಾಲುಗಳಿಗಷ್ಟೇ ಜಾಗ, ಸುಮಾರು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅಳೆಯಲು ಅದಕ್ಕೆ ಬಾರದು. ಅಲ್ಲದೆ ಕಾಗದ ಒಂದೇ ಪ್ರತಿ, ಡಿಸ್ಕಿನ ಮೊದಲ ಪುಟದಲ್ಲಿ. ಜಿಪಿಟಿ ಹೊಸ ಮಾದರಿ. ವಿಂಡೋಸಿನಲ್ಲಿ 128 ಪಾಲುಗಳವರೆಗೆ ಮಾಡಬಹುದು. ಉತಾರದ ಇನ್ನೊಂದು ಪ್ರತಿಯನ್ನು ಅದು ಡಿಸ್ಕಿನ ಕೊನೆಯಲ್ಲೂ ಇಡುತ್ತದೆ. ಮನೆಯಲ್ಲೊಂದು, ತಹಶೀಲ್ದಾರರ ಕಚೇರಿಯಲ್ಲೊಂದು ಇದ್ದ ಹಾಗೆ. ಯಂತ್ರ ಹೊಸ ಪದ್ಧತಿಯಲ್ಲಿ ಎದ್ದರೆ ವಿಂಡೋಸ್ ಹೊಸ ಉತಾರವನ್ನೇ ಕೇಳುತ್ತದೆ. ಈಗ ಬರುವ ಬೋರ್ಡುಗಳು ಏಳುವುದು ಆ ಪದ್ಧತಿಯಲ್ಲೇ. ಅದರ ಹೆಸರು ಯುಇಎಫ್‌ಐ, ನಾವು ಬಾಯಿಮಾತಿನಲ್ಲಿ ಇನ್ನೂ ಬಯಾಸ್ ಅನ್ನುತ್ತೇವೆ.

‘ಕ್ಲೀನ್’ ಎಂಬ ಆಜ್ಞೆ ಉತಾರ ಹರಿದುಹಾಕುತ್ತದೆ. “ನಾ ಕ್ಲೀನ್ ಅಂದ್ರ ಧೂಳಾ ಹೊಡಿಯೋದಂತ ತಿಳಕೊಂಡಿದ್ದೆ” ಎಂದಳು ಪುಟ್ಟಿ. ಖಾತ್ರಿಯಾ ಎಂದು ಅದು ತಿರುಗಿ ಕೇಳುವುದೂ ಇಲ್ಲ. ಉತಾರ ಹರಿದರೂ ಹೊಲ ಅಲ್ಲೇ ಇರುತ್ತದೆ, ಬೆಳೆಯೂ ನಿಂತಿರುತ್ತದೆ. ಯಾರದ್ದು ಎಲ್ಲಿ ಎಂದು ಹೇಳುವವರು ಇರುವುದಿಲ್ಲ, ಅಷ್ಟೆ. ಆ ಹಂತದಲ್ಲಿ ನಿಲ್ಲಿಸಿದರೆ ಹುಡುಕಿ ತೆಗೆಯುವ ತಂತ್ರಾಂಶಗಳಿವೆ. ಆದರೆ ಪುಟ್ಟಿ ನಿಲ್ಲಿಸುತ್ತಿರಲಿಲ್ಲ. ಮುಂದಿನ ನಿಮಿಷದಲ್ಲೇ ಅದರ ಮೇಲೆ ವಿಂಡೋಸ್ ಬಿತ್ತುತ್ತಿದ್ದಳು.

ಮೊದಲು ಯಂತ್ರ ಆರಿಸಿದೆವು. ಗೋಡೆಯ ಪ್ಲಗ್ಗನ್ನೇ ಕಿತ್ತೆವು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಹಳೆಯ ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಡಿಸ್ಕನ್ನು ಅಕ್ಕನ ಕೈಗೆ ಕೊಟ್ಟೆ. ಆಕೆ ಅದನ್ನು ಒಯ್ದು ದೇವರ ಕಪಾಟಿನಲ್ಲಿಟ್ಟಳು. ವಿಂಡೋಸ್ ಹಾಕುವಾಗ ಬೇಡದ ಡಿಸ್ಕನ್ನು ಬಿಚ್ಚಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ಡಿಸ್ಕ್ ಕಂಡರೆ ಯಂತ್ರ ಏಳಲು ಬೇಕಾದ ಕಡತಗಳನ್ನು ಅದು ಕೆಲವೊಮ್ಮೆ ಇನ್ನೊಂದರಲ್ಲಿ ಇಟ್ಟುಬಿಡುತ್ತದೆ. ಮುಂದೆಂದೋ ಆ ಡಿಸ್ಕ್ ತೆಗೆದ ದಿನ ಯಂತ್ರ ಏಳುವುದಿಲ್ಲ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ಈಗ ಮತ್ತೆ ಪೆನ್‌ಡ್ರೈವಿನಿಂದ ಎಬ್ಬಿಸಿದರೆ ಪಟ್ಟಿ ಪೂರ್ತಿ ಖಾಲಿ. ಒಂದೂ ಡಿಸ್ಕ್ ಇಲ್ಲ.

ಭಾವ ಫೋನು ಮುಗಿಸಿ ಬಾಗಿಲಲ್ಲಿ ನಿಂತಿದ್ದರು. “ಅಂದ್ರ ಹೊಸಾದ ಕೆಟ್ಟೈತಿ. ಬೆಂಗಳೂರಿಗೆ ವಾಪಸ್ ಕಳಸ್ರಿ. ಎರಡ ದಿನ ಉಳದಾವ.” ಪುಟ್ಟಿಯ ಕಣ್ಣು ತುಂಬಿತು. ಡಿಸ್ಕಿನದಕ್ಕಿಂತ ಹೆಚ್ಚು, ತಾನು ಜೋಡಿಸಿದ್ದೇ ತಪ್ಪೆನ್ನುವ ಮಾತಿಗೆ.

ಇಂಥ ಹೊತ್ತಿನಲ್ಲಿ ನಾನು ಎರಡು ಸಾಕ್ಷಿ ಕೇಳುತ್ತೇನೆ. ವಿಂಡೋಸಿಗೆ ಕಾಣಲಿಲ್ಲ ಎಂದರೆ ಒಬ್ಬ ಸಾಕ್ಷಿ ‘ನೋಡಿಲ್ಲ’ ಎಂದ ಹಾಗೆ. ಇನ್ನೊಬ್ಬ ಸಾಕ್ಷಿ ಮದರ್‌ಬೋರ್ಡ್. ಮತ್ತೆ ಚಾಲೂ ಮಾಡುವಾಗ ಡಿಲೀಟ್ ಕೀಲಿ ಒತ್ತುತ್ತಾ ಬಯಾಸಿಗೆ ಹೋದೆವು. ಕೆಲವು ಬೋರ್ಡುಗಳಲ್ಲಿ ಎಫ್2 ಒತ್ತಬೇಕು. ಅಲ್ಲಿ ಜೋಡಿಸಿರುವ ಸಾಧನಗಳ ಪುಟದಲ್ಲಿ ಎಸ್‌ಎಸ್‌ಡಿಯ ಹೆಸರು, ಅಳತೆ ಎರಡೂ ಇದ್ದವು!

ಅಂದರೆ ಡಿಸ್ಕು ಜೀವಂತವಾಗಿದೆ, ಸರಿಯಾಗಿ ಕೂತಿದೆ. ಬೋರ್ಡಿಗೆ ಕಾಣುತ್ತದೆ, ವಿಂಡೋಸಿಗೆ ಕಾಣುವುದಿಲ್ಲ. ಹಾಗಾದರೆ ತೊಡಕು ಇವೆರಡರ ನಡುವೆ. ಬಯಾಸಿನಲ್ಲೂ ಕಾಣದಿದ್ದರೆ ಬೇರೆ ದಾರಿ ಹಿಡಿಯಬೇಕಿತ್ತು: ಸ್ಕ್ರೂ ಬಿಚ್ಚಿ ಮತ್ತೆ ಕೂರಿಸುವುದು, ಇನ್ನೊಂದು ಸಾಕೆಟ್ಟಿನಲ್ಲಿ ಹಾಕಿ ನೋಡುವುದು, ತಂದದ್ದು ಆ ಸಾಕೆಟ್ ಒಪ್ಪುವ ಜಾತಿಯದೇ ಎಂದು ಬೋರ್ಡಿನ ಪುಸ್ತಕದಲ್ಲಿ ಹುಡುಕುವುದು. ಒಂದೇ ಆಕಾರದ ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ ಇವೆ, ಎಲ್ಲ ಸಾಕೆಟ್ಟೂ ಎರಡನ್ನೂ ಒಪ್ಪುವುದಿಲ್ಲ.

ನಡುವೆ ಇದ್ದವನ ಹೆಸರು ವಿಎಂಡಿ. ಇಂಟೆಲ್‌ನ 11ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳಿರುವ ಹಲವು ಯಂತ್ರಗಳಲ್ಲಿ ಇದು ಚಾಲೂ ಆಗಿಯೇ ಬರುತ್ತದೆ. ಹಲವು ಡಿಸ್ಕುಗಳನ್ನು ಒಂದು ಗುಂಪು ಮಾಡಿ ಆಳುವವರಿಗೆ ಬೇಕಾದದ್ದು ಅದು. ಅದು ಚಾಲೂ ಇದ್ದರೆ ಎಸ್‌ಎಸ್‌ಡಿ ನೇರವಾಗಿ ಮಾತಾಡುವುದಿಲ್ಲ, ನಡುವೆ ವಿಎಂಡಿ ಕೂತಿರುತ್ತದೆ. ಅದರ ಭಾಷೆ ತಿಳಿಸುವ ಡ್ರೈವರ್ ತಂತ್ರಾಂಶ ವಿಂಡೋಸಿನ ಪೆನ್‌ಡ್ರೈವಿನಲ್ಲಿ ಇರದಿದ್ದರೆ ಡಿಸ್ಕೇ ಇಲ್ಲವೆಂದು ಕಾಣುತ್ತದೆ. ದಾರಿ ಎರಡು. ಬೋರ್ಡ್ ಕಂಪನಿಯ ತಾಣದಿಂದ ಆ ಡ್ರೈವರ್ ತಂದು, ಬಿಚ್ಚಿ ಪೆನ್‌ಡ್ರೈವಿಗೆ ಹಾಕಿ, ಅದೇ ಪರದೆಯ ‘ಲೋಡ್ ಡ್ರೈವರ್’ನಲ್ಲಿ ತೋರಿಸುವುದು ಒಂದು. ಬಯಾಸಿನಲ್ಲಿ ವಿಎಂಡಿಯನ್ನೇ ಆರಿಸುವುದು ಇನ್ನೊಂದು. ನಮ್ಮದು ಒಂದೇ ಎಸ್‌ಎಸ್‌ಡಿಯ ಹೊಸ ಯಂತ್ರವಾದ್ದರಿಂದ ಎರಡನೆಯದನ್ನು ಹಿಡಿದೆವು. ಆಗಲೇ ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ನೀವು ಹೋಗಿ ಇದನ್ನು ಆರಿಸಬೇಡಿ. ಅದು ವಿಎಂಡಿ ನಂಬಿಕೊಂಡೇ ನಡೆಯುತ್ತಿದ್ದರೆ ಮರುದಿನ ಏಳುವುದಿಲ್ಲ.

ಉಳಿಸಿ ಹೊರಬಂದು, ಪೆನ್‌ಡ್ರೈವಿನಿಂದ ಎಬ್ಬಿಸಿದಾಗ ಪಟ್ಟಿಯಲ್ಲಿ ಒಂದು ಸಾಲು ಬಂತು. ಡ್ರೈವ್ 0, ಅನ್‌ಅಲೊಕೇಟೆಡ್ ಸ್ಪೇಸ್, 465.8 ಜಿಬಿ.

“ಅದ ನಂಬರ!” ಎಂದು ಪುಟ್ಟಿ ಚೀರಿದಳು. ಹೆಸರೂ ಡ್ರೈವ್ 0, ಅಳತೆಯೂ ಅದೇ. ಬರೀ ಅಳತೆ ನೋಡಿದರೆ ಎರಡೂ ಒಂದೇ. ಭಾವ ಏನೂ ಅನ್ನಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತದ್ದು ಅವತ್ತೇ ಮೊದಲು.

ಆಮೇಲಿನದರಲ್ಲಿ ಹೇಳುವಂಥದ್ದು ಕಡಿಮೆ. ಕಡತಗಳ ನಕಲು ಮುಗಿದು ಯಂತ್ರ ತಾನೇ ಆರಿ ಎದ್ದಾಗ ಮತ್ತೆ ಮೊದಲಿನ ಪರದೆಯೇ ಬಂದು, ಯಾವ ಭಾಷೆ, ಯಾವ ಕೀಲಿಮಣೆ ಎಂದು ಕೇಳಿತು. ಕೆಡುಕಾಗಿಲ್ಲ, ಅದು ಮತ್ತೆ ಪೆನ್‌ಡ್ರೈವಿನಿಂದಲೇ ಎದ್ದಿದೆ. ಆರಿಸಿ, ಪೆನ್‌ಡ್ರೈವ್ ಕಿತ್ತು ಚಾಲೂ ಮಾಡಿದರೆ ಮುಂದೆ ಹೋಗುತ್ತದೆ. ಇಲ್ಲಿ ಗಾಬರಿಬಿದ್ದು ಮೂರು ನಾಲ್ಕು ಸಲ ಮೊದಲಿನಿಂದ ಹಾಕಿದವರನ್ನು ಬಲ್ಲೆ. ಇಂಟರ್ನೆಟ್ ಬೇಕೆಂದು ಹಟ ಹಿಡಿದಾಗ ವೈಫೈ ಇನ್ನೂ ಕೆಲಸ ಮಾಡುತ್ತಿರಲಿಲ್ಲ, ಅದರ ಡ್ರೈವರ್ ಇನ್ನೂ ಬಂದಿರಲಿಲ್ಲ. ಮೊಬೈಲನ್ನು ಚಾರ್ಜಿಂಗ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದಳು. ಇದು ನನಗೂ ಗೊತ್ತಿರಲಿಲ್ಲ, ಪುಟ್ಟಿಯೇ ಕಲಿಸಿದ್ದು.

ದೀಪ ಹಚ್ಚುವ ಹೊತ್ತಿಗೆ ವಿಂಡೋಸ್ ಎದ್ದು ಕೂತಿತ್ತು. ಕನ್ನಡ ಕೀಲಿಮಣೆ ಸೇರಿಸಿಕೊಂಡಳು. ಮತ್ತೆ ಆರಿಸಿ, ಪ್ಲಗ್ ಕಿತ್ತು, ಅಕ್ಕ ದೇವರ ಕಪಾಟಿನಿಂದ ಡಿಸ್ಕ್ ತಂದುಕೊಟ್ಟಳು. ಅದರ ಮೇಲೆ ಒಂದಿಷ್ಟು ಕುಂಕುಮ ಬಿದ್ದಿತ್ತು. ಬೇಕೆಂದೇ ಹಾಕಿದಳೋ ಬಿತ್ತೋ ಕೇಳಲಿಲ್ಲ. ಕೇಬಲ್ ಹಚ್ಚಿ ಚಾಲೂ ಮಾಡಿದರೆ ಡಿಸ್ಕು ಒಂದು ಕ್ಷಣ ಕಟಕಟ ಎಂದು, ಆಮೇಲೆ ತಿರುಗಿತು. 368.1ರ ಪಾಲಿನಲ್ಲಿ ‘ಸೈಡ್ 1ಎ’, ‘ಸೈಡ್ 1ಬಿ’ ಎಂದು ನಾನೇ ಹೆಸರಿಟ್ಟಿದ್ದ 22 ಕಡತಗಳು ಇದ್ದವು. ಎಲ್ಲ ಸೇರಿ 630 ಎಂಬಿ. ಒಂದು ಸಿಡಿಯಲ್ಲಿ ಹಿಡಿಯುತ್ತಿತ್ತು. ಹದಿನಾರು ವರ್ಷದಲ್ಲಿ ನನಗೆ ಒಂದು ಸಿಡಿ ಸುಡಲು ಪುರುಸೊತ್ತಾಗಿರಲಿಲ್ಲ.

ಪುಟ್ಟಿ ಮೊದಲನೆಯದನ್ನು ಹಚ್ಚಿದಳು. ಕಲ್ಲಿನ ಗರಗರ ಸದ್ದು. ಅದರೊಳಗಿಂದ ಅವ್ವನ ದನಿ ಎದ್ದಿತು. ಆಕೆ ತೀರಿಕೊಂಡಾಗ ಪುಟ್ಟಿ ಹುಟ್ಟಿರಲಿಲ್ಲ. ಹಾಡು ಮುಗಿದು ಕಲ್ಲು ನಿಂತಾಗ ಅವ್ವ ಬೈಯುವುದು ಕೇಳಿಸಿತು: “ಅದನ್ನೇನ ಹಿಡಕೊಂಡ ಕುಂತೀಯೋ, ಶೆಲ್ಲು ಸುಡಾಕ. ಏಳು, ಹಿಟ್ಟ ತುಂಬು.”

“ಆಯಿ ಯಾರಿಗೆ ಬೈಯಾಕತ್ತಾಳ ಮಾಮಾ?”

“ನನಗ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಭಾವ “ಸೌಂಡ್ ಸ್ವಲ್ಪ ಜಾಸ್ತಿ ಮಾಡಬೇ ಪುಟ್ಟಿ” ಎಂದರು.

22 ಕಡತಗಳನ್ನೂ ಮೊದಲು ಹೊಸ ಎಸ್‌ಎಸ್‌ಡಿಗೆ ಇಳಿಸಿಕೊಂಡೆವು. ನಾನು ಹೊರಡುವಾಗ ವಿಂಡೋಸಿನ ಪೆನ್‌ಡ್ರೈವಿನ ಕೆಲಸ ಮುಗಿದಿತ್ತಲ್ಲ, ಅದನ್ನೇ ಅಳಿಸಿ ಒಂದು ಪ್ರತಿ ನನಗೂ ಕೊಡು ಎಂದೆ. ಫಾರ್ಮ್ಯಾಟ್ ಒತ್ತುವ ಮೊದಲು ಪುಟ್ಟಿ ಡ್ರೈವಿನ ಅಕ್ಷರ, ಹೆಸರು, ಅಳತೆ ಮೂರನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಆಮೇಲೆ ಪೆನ್‌ಡ್ರೈವನ್ನು ಒಂದು ಸಲ ಕಿತ್ತು ನೋಡಿದಳು. ಪಟ್ಟಿಯಿಂದ ಆ ಹೆಸರು ಹೋಯಿತು. ಮತ್ತೆ ಸಿಕ್ಕಿಸಿದಳು. ಬಂತು. ಆಗ ಒತ್ತಿದಳು.

ಅವ್ವನನ್ನು ಅಂಗಿ ಕಿಸೆಯಲ್ಲಿಟ್ಟುಕೊಂಡು ರಾತ್ರಿ ಒಂಬತ್ತರ ಚಿಗರಿಯಲ್ಲಿ ಧಾರವಾಡಕ್ಕೆ ಬಂದೆ.